ಸಾಕು ಎನ್ನಬೇಕಾದವರು

ಹುಳಿಮಾವಿನ ನಮ್ಮ ಮನೆಗೆ ಹೋದ ತಿಂಗಳು ಹೊಸ ರೌಟರ್ ಬಂತು. ಹಿಂಬದಿಯಲ್ಲಿ ತಂತಿ ಚುಚ್ಚುವ ಪೋರ್ಟುಗಳ ಸಾಲು. ಒಂದರ ವೇಗ 2.5 ಗಿಗಾಬಿಟ್, ಉಳಿದವು ಒಂದೊಂದು ಗಿಗಾಬಿಟ್‌ನವು, ಎಂದರೆ ಸೆಕೆಂಡಿಗೆ 1000 ಮೆಗಾಬಿಟ್. ದೊಡ್ಡದು ಯಾರ ಕಂಪ್ಯೂಟರಿಗೆ ಎಂದು ಮಗ-ಸೊಸೆಯ ನಡುವೆ ಚರ್ಚೆ. ಇಬ್ಬರಿಗೂ ಆಫೀಸು ಮನೆಯಲ್ಲೇ ತಾನೆ!

ನಾನು ಹುರುಳಿಕಾಯಿಯ ನಾರು ತೆಗೆಯುತ್ತ, "ನಾವು ದುಡ್ಡು ಕೊಟ್ಟು ತರಿಸಿಕೊಳ್ಳುವುದೇ 100 ಮೆಗಾಬಿಟ್. ಬೀದಿಯಿಂದ ಬರುವ ಪೈಪು ಅರ್ಧ ಇಂಚಿನದಾದರೆ ಎರಡು ಇಂಚಿನ ನಲ್ಲಿ ಹಾಕಿ ಏನು ಬಂತು?" ಎಂದೆ.

"ಸರಿಯಮ್ಮಾ, ಮನೆಯೊಳಗೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದೊಡ್ಡ ಫೈಲು ಕಳಿಸುವಾಗ ಮಾತ್ರ ಅದು ಉಪಯೋಗ" ಎಂದು ನಕ್ಕ ಮಗ, ಹಾಗೆಯೇ ಸೇರಿಸಿದ: "ನಿನ್ನ ಕೋಣೆಯದು ನೂರಕ್ಕೇ ನಿಂತಿದೆ. ಇರಲಿ ಬಿಡು, ನಿನಗೆ ಅಷ್ಟು ಸಾಕು."

ಕೆಳಗಿನ ಕೋಣೆ ನನ್ನದು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದಾಗ ಅಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಗೋಡೆಯ ಬುಡದ ಸಾಕೆಟ್ ನೆನೆದು ಒಳಗಿನ ತಾಮ್ರ ಕಿಲುಬು ಹಿಡಿದಿದೆ. ಆ ಕೇಬಲ್ಲಿನಲ್ಲಿ ಎಂಟು ತಂತಿಗಳು. ಗಿಗಾಬಿಟ್‌ಗೆ ಎಂಟೂ ಬೇಕು, ನೂರಕ್ಕೆ ನಾಲ್ಕಿದ್ದರಾಯಿತು. ಹಳೆಯ ರೌಟರಿನ ಪೋರ್ಟುಗಳೆಲ್ಲ ನೂರರವೇ ಆಗಿದ್ದುದರಿಂದ ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ.

ಲೆಕ್ಕದಲ್ಲಿ ಮಗನ ತಪ್ಪಿಲ್ಲ. ಪರದೇಶದ ಮೊಮ್ಮಕ್ಕಳಿಗೆ ಶನಿವಾರ ಕಾಗುಣಿತ ಹೇಳಿಕೊಡುವ ನನ್ನ ವಿಡಿಯೋ ಕರೆಗೆ ನಾಲ್ಕೈದು ಮೆಗಾಬಿಟ್ ಧಾರಾಳ. ಆದರೂ ಆ "ಸಾಕು" ಗಂಟಲಲ್ಲಿ ಸಿಕ್ಕಿಕೊಂಡಿತು. ಬಡಿಸುವವರು ಸಾಕು ಎನ್ನುವುದುಂಟೆ? ಎಲೆಗೆ ಕೈ ಅಡ್ಡ ಹಿಡಿಯಬೇಕಾದವರು ಉಣ್ಣುವವರಲ್ಲವೆ? ಆ ಯಂತ್ರಗಳಿಗೂ ಈ ಮರ್ಯಾದೆ ಉಂಟು. ತಂತಿ ಚುಚ್ಚಿದೊಡನೆ ಎರಡೂ ತುದಿಯವು ತಮತಮಗೆ ಆಗುವ ವೇಗಗಳನ್ನು ಹೇಳಿಕೊಂಡು, ಇಬ್ಬರಿಗೂ ಒಗ್ಗುವುದರಲ್ಲಿ ಹೆಚ್ಚಿನದನ್ನು ಒಪ್ಪಿಕೊಳ್ಳುತ್ತವೆ. ನನ್ನನ್ನು ಯಾರೂ ಕೇಳಲೇ ಇಲ್ಲ.

ಸಿಟ್ಟಿನಲ್ಲೇ ಮಲಗಿದೆ. ನಿದ್ದೆಯ ಬದಲು ಅತ್ತೆಯವರು ನೆನಪಿಗೆ ಬಂದರು. ಬಣ್ಣದ ಟಿ.ವಿ. ಕೊಂಡಾಗ ಹಳೆಯ ಕಪ್ಪು-ಬಿಳುಪಿನದನ್ನು ಅವರ ಕೋಣೆಗೆ ಸಾಗಹಾಕಿದವಳು ನಾನೇ. "ಅವರ ಕಣ್ಣು ಮಂಜು, ಅದೇ ಸಾಕು" ಎಂದಿದ್ದೆ. ಅವರ ಎದುರಿಗೇ. ಅವರು ಒಂದು ಮಾತೂ ಆಡಲಿಲ್ಲ. ಆದರೆ 1988ರಲ್ಲಿ ಮಹಾಭಾರತ ಶುರುವಾದ ಮೇಲೆ ಭಾನುವಾರಗಳಂದು ಗೋಡೆ ಹಿಡಿದುಕೊಂಡು ಹಾಲಿಗೆ ಬಂದು, ದ್ರೌಪದಿಯ ಸೀರೆ ಯಾವ ಬಣ್ಣದ್ದೆಂದು ಕೇಳುತ್ತಿದ್ದರು. ಮುದುಕಿಯ ಚಪಲ ಎಂದುಕೊಂಡಿದ್ದೆ. ಒಂದು ದಿನವಾದರೂ ಕೂರಿಸಿಕೊಂಡೆನೆ? ಕೂರಿಸಿಕೊಂಡ ನೆನಪಿಲ್ಲ.

ಬೆಳಿಗ್ಗೆ ಮಗನಿಗೆ ಸಾಕೆಟ್ ಬದಲಾಯಿಸಲು ಹೇಳಿದೆ.

"ವ್ಯತ್ಯಾಸವೇ ಗೊತ್ತಾಗಲ್ಲಮ್ಮಾ."

"ಗೊತ್ತಾಗದಿದ್ದರೂ ಪರವಾಗಿಲ್ಲ" ಎಂದೆ.

ಅವನು ನನ್ನ ಮುಖ ನೋಡಿದ, ವಾದ ಮಾಡಲಿಲ್ಲ. ಗುರುವಾರ ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಮುಗಿಸಿಹೋದ. ಈಗ ಎಂಟು ತಂತಿಯೂ ಸರಿಯಾಗಿದೆಯಂತೆ. ಶನಿವಾರ ಮೊಮ್ಮಕ್ಕಳ ಮುಖ ಹಿಂದಿನ ವಾರ ಕಂಡಂತೆಯೇ ಕಂಡಿತು.