ದೇವರ ಮೇಲೆ ಭಾರ ಹಾಕುವುದೆಂದರೆ

"ದೇವರ ಮ್ಯಾಲ ಭಾರ ಹಾಕ್ರಿ, ಅಂವ ಕಾಯ್ತಾನ" ಎನ್ನುವ ಮಾತನ್ನು ನಮ್ಮ ಕಡೆ ದಿನಾ ಕೇಳುತ್ತೇವೆ. ಮಗಳು ಹೆರಿಗೆಗೆ ಹೋದಾಗ, ಮಳೆ ತಡವಾದಾಗ, ಮಗ ಪುಣೆಗೆ ದುಡಿಯಲು ಹೊರಟಾಗ ಈ ಮಾತಿನಿಂದ ಎದೆಗೆ ಧೈರ್ಯ ಬರುತ್ತದೆ. ಅದು ಸುಳ್ಳಲ್ಲ. ಆದರೆ ಕಾಯ್ತಾನ ಅಂದರೆ ಏನು? ನಂಬಿದವರಿಗೆ ಏನೂ ಆಗುವುದಿಲ್ಲ ಅಂತಲೋ, ಬೇರೆ ಏನಾದರೂ ಅರ್ಥವೋ?

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ನೆರೆಯ ಲಾತೂರ ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಯ ಹಳ್ಳಿಗಳಲ್ಲಿ ಗಣಪತಿಯನ್ನು ಕಳಿಸಿ ಬಂದ ಜನ ತಡರಾತ್ರಿ ಮಲಗಿದರು. ಮರುದಿನ ನಸುಕಿನಲ್ಲಿ, ನಾಲ್ಕು ಹೊಡೆಯುವ ಮೊದಲೇ, ಕಿಲ್ಲಾರಿಯ ಸುತ್ತ ನೆಲ ನಡುಗಿತು. ಸುಮಾರು 8ರಿಂದ 10 ಸಾವಿರ ಜನ ಸತ್ತರು. ಇದು ಪೂಜೆ ಮಾಡಿದ ಮನೆ, ಇದು ಮಾಡದ ಮನೆ ಎಂದು ಗೋಡೆಗಳು ನೋಡಲಿಲ್ಲ. ತೊಟ್ಟಿಲ ಕೂಸುಗಳೂ ಹೋದವು.

ಇಂಥ ಸುದ್ದಿ ಕೇಳಿದಾಗ ದೂರದಲ್ಲಿದ್ದವರು ಒಂದು ಮಾತು ಆಡುವುದುಂಟು: "ಏನು ಪಾಪ ಮಾಡಿದ್ದರೋ ಏನೋ!" ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಪಾಪ ಮಾಡಿದ್ದಕ್ಕೆ ಅವರು ಸತ್ತರು ಎಂದರೆ, ಪಾಪ ಮಾಡದ ನಾವು ಉಳಿಯುತ್ತೇವೆ ಎಂದಾಯಿತು. ನಮ್ಮ ಹೆದರಿಕೆ ಕಳೆದುಕೊಳ್ಳಲು ಸತ್ತವರ ಮೇಲೆ ಅಪರಾಧ ಹೊರಿಸಿದಂತಾಯಿತು. ಕೂಸು ಕಳಕೊಂಡ ತಾಯಿಯ ಮುಂದೆ ನಿಂತು ಹಾಗೆ ಅನ್ನಲು ಯಾರಿಗಾದರೂ ಬಾಯಿ ಬಂದೀತೇ? ಆಕೆಯ ಮುಂದೆ ಆಡಲಾಗದ ಮಾತನ್ನು ದೇವರ ಹೆಸರಿನಲ್ಲಿ ಹೇಗೆ ಆಡುವುದು?

ಈ ವಿಷಯದಲ್ಲಿ ದೊಡ್ಡವರಲ್ಲೂ ಭಿನ್ನಾಭಿಪ್ರಾಯ ಬಂದಿತ್ತು. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ತಾವೂ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಮಾತ್ರ ಒಪ್ಪಲಿಲ್ಲ. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಉತ್ತರ ಬರೆದರು. ತಮ್ಮ ನಂಬಿಕೆ ಬಿಡಲಿಲ್ಲ. ಠಾಕೂರರೂ ದೇವರನ್ನು ನಂಬಿದವರೇ. ಮನುಷ್ಯನ ತಪ್ಪು ಎಷ್ಟೇ ದೊಡ್ಡದಿದ್ದರೂ ಸೃಷ್ಟಿಯನ್ನೇ ಕೆಡವುವ ಶಕ್ತಿ ಅದಕ್ಕಿಲ್ಲ ಎಂಬ ಭರವಸೆಯೇ ಅವರಿಗೆ ಆಸರೆಯಾಗಿತ್ತು.

ನನಗೆ ಠಾಕೂರರ ಮಾತು ಸರಿ ಕಾಣುತ್ತದೆ. ನೆಲ ಯಾರ ಮೇಲೂ ಸಿಟ್ಟಾಗಿ ನಡುಗುವುದಿಲ್ಲ, ಅದಕ್ಕೊಂದು ನಿಯಮವಿದೆ. ನಿಯಮವಿದ್ದರೆ ಕಲಿಯಬಹುದು. ಕಿಲ್ಲಾರಿಯಲ್ಲಿ ಹೆಚ್ಚು ಜೀವ ತೆಗೆದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. ವಿಜ್ಞಾನಿಗಳ ನಕ್ಷೆಯಲ್ಲೂ ಆ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಭಕ್ತರ ಹಾಗೆ ನಕ್ಷೆಯೂ ಇಲ್ಲಿ ಏನೂ ಆಗುವುದಿಲ್ಲ ಅಂದುಕೊಂಡಿತ್ತು! 2002ರಲ್ಲಿ ನಕ್ಷೆ ತಿದ್ದಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಗೋಡೆಯ ಎರಡೂ ಮುಖ ಹಿಡಿದಿಡುವ ಉದ್ದ ಕಲ್ಲು, ಸುತ್ತ ಕಾಂಕ್ರೀಟಿನ ಪಟ್ಟಿ, ಮೇಲೆ ಹಗುರ ಮಾಳಿಗೆ ಇದ್ದರೆ ಜೀವ ಉಳಿಯುತ್ತದೆ ಎಂಬುದನ್ನು ಗೌಂಡಿಗಳಿಗೆ ಕಲಿಸಿದರು.

"ಹಂಗಾದ್ರ ದೇವರಿಗೆ ಏನು ಕೆಲಸ ಉಳೀತು?" ಎಂದು ಕೇಳಬಹುದು. ಸೊಲ್ಲಾಪುರದ ಸಿದ್ಧರಾಮೇಶ್ವರರನ್ನು ನೆನೆಯಿರಿ. 12ನೆಯ ಶತಮಾನದ ಆ ಶರಣರಿಗಿಂತ ದೇವರನ್ನು ಹೆಚ್ಚು ನಂಬಿದವರು ಯಾರು? ದೇವರು ನೀರು ಕೊಡುತ್ತಾನೆಂದು ಅವರು ಸುಮ್ಮನೆ ಕೂಡಲಿಲ್ಲ. ಊರಿಗೆ ಕೆರೆ ಕಟ್ಟಿಸಿದರು. ಅವರ ನಂಬಿಕೆ ದುಡಿಯುವ ಕೈಗೆ ಬಲವಾಯಿತು. ದೇವರನ್ನು ನಂಬದ ನೆರೆಯವನೂ ಅದೇ ಕೆರೆಯ ಮಣ್ಣು ಹೊತ್ತರೆ ಅವನಿಗೂ ನಮಗೂ ಜಗಳವಿಲ್ಲ.

ಏನೂ ಆಗುವುದಿಲ್ಲ ಎಂಬ ಖಾತ್ರಿ ಈ ಲೋಕದಲ್ಲಿ ಯಾರಿಗೂ ಸಿಕ್ಕಿಲ್ಲ. ಆದದ್ದನ್ನು ತಾಳಿ ಮತ್ತೆ ಏಳುವ ಬಲ, ಬಿದ್ದವರನ್ನು ಎಬ್ಬಿಸುವ ಮನಸ್ಸು ಭಕ್ತಿಯಿಂದ ಬರುತ್ತದೆ. ಕಾಯುವುದು ಅಂದರೆ ಇದೇ ಇರಬೇಕು. ಇನ್ನು ಮುಂದೆ ಊರಲ್ಲಿ ಯಾರದಾದರೂ ಮನೆ ಬಿದ್ದರೆ, ಏನು ಪಾಪ ಮಾಡಿದ್ದರೋ ಎನ್ನುವುದನ್ನು ಬಿಟ್ಟು, ಅವರ ಅಂಗಳಕ್ಕೆ ಹೋಗಿ "ಏನು ಬೇಕಾಗೇದವ್ವಾ?" ಎಂದು ಕೇಳೋಣ.