ದಡ್ಡ ಅನ್ನೋ ಮೊದಲು

402ರಲ್ಲಿ 175 ಕಳೆದರೆ 227. ಆದರೆ ಪ್ರೈಮರಿ ಶಾಲೆಯ ಎಷ್ಟೋ ಮಕ್ಕಳು 373 ಅಂತ ಬರೀತಾರೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಗೀಟು ಹಾಕ್ತಾರೆ, ಮನೆಯಲ್ಲಿ 'ಲೆಕ್ಕದಲ್ಲಿ ಸ್ವಲ್ಪ ದಡ್ಡ' ಅನ್ನೋ ಮಾತು ಶುರುವಾಗುತ್ತೆ.

373 ಎಲ್ಲಿಂದ ಬಂತು ಅಂತ ಒಂದು ಸಲ ನೋಡಿ. 5ರಲ್ಲಿ 2 ಹೋದರೆ 3, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಶ್ರದ್ಧೆಯಿಂದ ಕಳೆದಿದೆ ಆ ಮಗು. ಒಂದು ನೂರನ್ನು ಹತ್ತು ಹತ್ತುಗಳಾಗಿ ಒಡೆಯಬಹುದು ಅನ್ನೋ ಮೆಟ್ಟಿಲು ಮಾತ್ರ ಅದಕ್ಕೆ ಸಿಕ್ಕಿಲ್ಲ. ಮೆಟ್ಟಿಲು ಕಟ್ಟದೆ ಬಿಟ್ಟವರು ಯಾರೋ, ದಡ್ಡ ಅನ್ನಿಸಿಕೊಳ್ಳೋದು ಹತ್ತಲಾಗದ ಮಗು. ಇದು ಬರೀ ಪಾಠದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಗಾನ್ಯೆ 1960ರ ದಶಕದಲ್ಲಿ ಇದಕ್ಕೊಂದು ದಾರಿ ಹೇಳಿದರು. ಗುರಿಯಿಂದ ಹಿಂದಕ್ಕೆ ಬನ್ನಿ. 'ಇದನ್ನು ಮಾಡೋಕೆ ಮೊದಲು ಏನು ಬರಬೇಕು?' ಅಂತ ಕೇಳ್ತಾ ಹೋಗಿ, ಮಗುವಿಗೆ ಈಗಾಗಲೇ ಬರೋದು ಸಿಗುವ ತನಕ. ಪಾಠ ಅಲ್ಲಿಂದ ಶುರು. ನಮ್ಮಲ್ಲಿ 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ 'ನಲಿ-ಕಲಿ' ಕೂಡ ಈ ಜಾತಿಯದೇ. ಕಾರ್ಡುಗಳು, ಮೈಲಿಗಲ್ಲುಗಳು, ಕಲಿಕಾ ಏಣಿ. ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು. ಮುಂದೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು.

ಇಷ್ಟಾದರೆ ನ್ಯಾಯ ಸಿಕ್ಕಂತಾ? ಪೂರ್ತಿ ಇಲ್ಲ. ಏಣಿಯ ಮೆಟ್ಟಿಲುಗಳನ್ನು ತೀರ್ಮಾನಿಸೋದು ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ.

ದಾವಣಗೆರೆ ಜಿಲ್ಲೆಯನ್ನೇ ತಗೊಳ್ಳಿ. ಚನ್ನಗಿರಿ ಕಡೆ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿ ಕಡೆ ತುಂಗಭದ್ರೆಯ ನೀರು, ಜಗಳೂರಿನಲ್ಲಿ ಮಳೆ ನೋಡಿಕೊಂಡು ಬಿತ್ತೋ ಹೊಲ. ಪಠ್ಯಪುಸ್ತಕ ಮಾತ್ರ ಎಲ್ಲರಿಗೂ ಒಂದೇ. ಸಂತೆಯಲ್ಲಿ ಅವ್ವನ ಜೊತೆ ತರಕಾರಿ ಮಾರೋ ಹುಡುಗಿ ನೂರರ ನೋಟಿಗೆ ಹತ್ತರ ಚಿಲ್ಲರೆ ತರೋದರಲ್ಲಿ ಚುರುಕು. ಶಾಲೆ 'ದಶಕ ಪಡೆಯೋದು' ಅಂತ ಹೇಳಿಕೊಡೋದು ಇದನ್ನೇ ಅಲ್ವಾ? ಮೆಟ್ಟಿಲು ಅವಳ ಹತ್ತಿರ ಇದೆ, ಏಣಿ ಬರೆದವರ ಪಟ್ಟಿಯಲ್ಲಿ ಅದರ ಹೆಸರು ಬೇರೆ, ಅಷ್ಟೇ.

ಇನ್ನೊಂದು ಅಪಾಯ, ಏಣಿಯೇ ಬೇಲಿ ಆಗಿಬಿಡೋದು. ಒತ್ತಕ್ಷರ ಪೂರ್ತಿ ಬರೋ ತನಕ ಕಥೆ ಪುಸ್ತಕ ಮುಟ್ಟಬಾರದು ಅಂದರೆ, ಓದೋದು ಯಾಕೆ ಅಂತ ಗೊತ್ತಾಗೋ ಮೊದಲೇ ಮಗು ಬೇಸತ್ತಿರುತ್ತೆ. ಬೆಂಗಳೂರಿನ ನಮ್ಮ ಆಫೀಸುಗಳೂ ಕಮ್ಮಿಯೇನಲ್ಲ. ಕನ್ನಡ ಮೀಡಿಯಂನಿಂದ ಬಂದ ಹುಡುಗ ಕೋಡ್ ಚೆನ್ನಾಗಿ ಬರೀತಾನೆ. ಆದರೂ 'ಮೊದಲು ಇಂಗ್ಲಿಷ್ ಸುಧಾರಿಸಿಕೋ, ಆಮೇಲೆ ದೊಡ್ಡ ಪ್ರಾಜೆಕ್ಟ್' ಅಂತಾರೆ. ಅದು ಆ ಕೆಲಸಕ್ಕೆ ನಿಜವಾಗಿ ಬೇಕಾದ ಮೆಟ್ಟಿಲಾ, ಇಲ್ಲ ನಮಗೆ ರೂಢಿಯಾದ ಗೇಟಾ?

ಹಾಗಂತ ಮೆಟ್ಟಿಲೇ ಬೇಡ ಅನ್ನೋದು ಇನ್ನೂ ದೊಡ್ಡ ಮೋಸ. 'ಮಕ್ಕಳು ತಾವೇ ಕಲೀತಾರೆ ಬಿಡಿ' ಅನ್ನೋ ಮಾತು ಮನೆಯಲ್ಲಿ ಹೇಳಿಕೊಡೋರು ಇರುವ ಮಕ್ಕಳಿಗೆ ನಡೆಯುತ್ತೆ. ಅವರಿಗೆ ಕಾಣದ ಮೆಟ್ಟಿಲುಗಳನ್ನು ಅಪ್ಪ-ಅಮ್ಮ, ಟ್ಯೂಷನ್‌ನವರು ಆಗಲೇ ಕಟ್ಟಿರ್ತಾರೆ. ಜಗಳೂರಿನ ಕೂಲಿಯವರ ಮಗುವಿಗೆ ಅದನ್ನು ಶಾಲೆಯೇ ಕಟ್ಟಬೇಕು.

ಹಾಗಾಗಿ ಕಲಿಸುವವರು, ಅಂದರೆ ಮೇಷ್ಟ್ರು, ಟೀಮ್ ಲೀಡ್, ಅಪ್ಪ-ಅಮ್ಮ ಯಾರೇ ಇರಲಿ, ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಮೆಟ್ಟಿಲು ಇಲ್ಲದೆ ಮುಂದಿನದು ಸಾಧ್ಯವೇ ಇಲ್ಲವಾ? ಇಲ್ಲ ಅಂದರೆ, ಅದನ್ನು ನಾನು ಕಟ್ಟಿಕೊಟ್ಟಿದ್ದೀನಾ? ಎರಡಕ್ಕೂ 'ಹೌದು' ಅನ್ನೋ ಉತ್ತರ ಬರುವ ತನಕ, ಹತ್ತಲಾರದೆ ನಿಂತವರಿಗೆ ಹೆಸರಿಡೋ ಹಕ್ಕು ನಮಗಿಲ್ಲ.