ಉಳಿ ಯಾರನ್ನು ಬಿಟ್ಟಿತು

ವಿಗ್ರಹ ಕೆತ್ತಿ ಹೊಟ್ಟೆ ಹೊರೆಯುವವನಿಗೆ ಎಲ್ಲಿ ಹೋದರೂ ಮೊದಲು ಕಾಣುವುದು ಉಳಿಯ ಗುರುತು. ಟರ್ಕಿಯ ಅಫ್ರೋಡಿಸಿಯಾಸ್ ಎಂಬ ಹಾಳೂರಿನ ಮ್ಯೂಸಿಯಂನಲ್ಲಿ ಮಗಳು ಮುಂದೆ ಹೋದರೂ ನಾನು ಒಂದು ಅಮೃತಶಿಲೆಯ ಹಲಗೆಯ ಮುಂದೆ ನಿಂತುಬಿಟ್ಟೆ. ಅದರಲ್ಲಿದ್ದ ದೇವತೆಯನ್ನು ಯಾರೋ ಕೆತ್ತಿ ತೆಗೆದಿದ್ದಾರೆ. ಮೈಯ ಅಂಚು ಉಳಿದಿದೆ, ಒಳಗೆಲ್ಲ ಉಳಿಯ ಏಟು. ಸಿಟ್ಟಿನ ಕೆಲಸ ಹೀಗಿರುವುದಿಲ್ಲ. ಸಿಟ್ಟಿಗೆ ಸುತ್ತಿಗೆ ಸಾಕು. ಮೂಗು, ತೋಳು ಹಾರಿಸಿ ಮುಂದಿನದಕ್ಕೆ ಹೋಗುತ್ತದೆ. ಇದು ಕೂಲಿ ಕೊಟ್ಟು ಮಾಡಿಸಿದ ಕೆಲಸ.

ಹಲಗೆ ಸೆಬಾಸ್ಟೆಯಾನ್ ಎಂಬ ಕಟ್ಟಡದ್ದು. ಕ್ರಿ.ಶ. 1ನೆಯ ಶತಮಾನದಲ್ಲಿ ಅಫ್ರೊಡೈಟಿ ದೇವಿಗೂ ರೋಮಿನ ಚಕ್ರವರ್ತಿಗಳಿಗೂ ಸೇರಿಸಿ ಕಟ್ಟಿದ್ದು. ಪುರಾತತ್ವಜ್ಞ ಕೆನಾನ್ ಎರಿಮ್ ಅವರ ತಂಡಕ್ಕೆ 1979ರಲ್ಲಿ ಸಿಕ್ಕಿತು. ಎದುರುಬದುರಾಗಿ ಎರಡು ಸಾಲುಮಂಟಪ, ಮೂರು ಅಂತಸ್ತು, ಎತ್ತರ ಸುಮಾರು 12 ಮೀಟರ್. ಶಿಲ್ಪಗಳಿದ್ದದ್ದು ಮೇಲಿನ ಎರಡು ಅಂತಸ್ತಿನಲ್ಲಿ. ಅಷ್ಟೆತ್ತರದಲ್ಲಿ ಉಳಿ ಆಡಿಸಲು ಸಾರುವೆ ಬೇಕು. ಊರು ಕ್ರೈಸ್ತರ ಕೈಗೆ ಬಂದ ಮೇಲೆ ಯಾರೋ ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ಕೆಳಗೆ ನಿಂತು ‘ಇದನ್ನು ತೆಗೆ, ಅದು ಇರಲಿ’ ಎಂದಿದ್ದಾರೆ.

ಇರಲಿ ಎಂದದ್ದು ಯಾವುದನ್ನು? ಸಾಯುತ್ತಿರುವ ಅಮೆಜಾನ್ ರಾಣಿ ಪೆಂಥೆಸಿಲಿಯಾಳನ್ನು ಹಿಡಿದ ಗ್ರೀಕ್ ಪುರಾಣದ ವೀರ ಅಕಿಲೀಸ್ ಇದ್ದಾನೆ. ಬ್ರಿಟನ್ನನ್ನು ಹೆಣ್ಣಾಗಿ ತೋರಿಸಿ ಅವಳನ್ನು ನೆಲಕ್ಕೆ ಒತ್ತಿದ ಚಕ್ರವರ್ತಿ ಕ್ಲಾಡಿಯಸ್ ಇದ್ದಾನೆ. ಕ್ಲಾಡಿಯಸ್‌ಗೂ ಅಲ್ಲಿ ದೇವರ ಪಟ್ಟವಿತ್ತು, ಪೂಜೆ ಸಲ್ಲುತ್ತಿತ್ತು. ವಿಗ್ರಹವೇ ತಪ್ಪಾಗಿದ್ದರೆ ಅವನೂ ಉಳಿಯಬಾರದಿತ್ತು.

ನನಗೆ ಹೊಳೆದದ್ದು ಇಷ್ಟು: ಕ್ಲಾಡಿಯಸ್‌ಗೆ ಕೈಮುಗಿಯುವವರು ಆ ಹೊತ್ತಿಗೆ ಒಬ್ಬರೂ ಇರಲಿಲ್ಲ. ಹಳೆಯ ದೇವತೆಗಳಿಗೆ ಇದ್ದರು. ಚಕ್ರವರ್ತಿ ಥಿಯೊಡೋಸಿಯಸ್ 391ರಲ್ಲೇ ಬಲಿಪೂಜೆ ನಿಷೇಧಿಸಿದ್ದ. ಅದಾಗಿ ಎಷ್ಟೋ ದಶಕ ಕಳೆದ ಮೇಲೂ ಇದೇ ಊರಿನಲ್ಲಿ ನೆಲೆಸಿದ ತತ್ವಜ್ಞಾನಿ ಆಸ್ಕ್ಲೆಪಿಯೊಡೋಟಸ್, ಮಕ್ಕಳಿಲ್ಲವೆಂದು ಹೆಂಡತಿಯೊಡನೆ ಈಜಿಪ್ಟಿನ ಮೆನೂಥಿಸ್‌ಗೆ ಹೋಗಿ ಐಸಿಸ್ ದೇವಿಯ ಮೊರೆಹೊಕ್ಕ. ಮಗು ಸಿಕ್ಕಿತು. ಅದು ದೇವಿ ಕೊಟ್ಟದ್ದಲ್ಲ, ಪೂಜಾರಿಣಿಯಿಂದ ಕೊಂಡದ್ದು ಎಂದು ಕ್ರೈಸ್ತ ಲೇಖಕ ಜಕರಿಯಸ್ ಹಂಗಿಸಿ ಬರೆದ. ಹೀಗೆ ಹಂಗಿಸುವುದು ಎದುರಾಳಿಗೆ ಇನ್ನೂ ಜನಬಲ ಇರುವಾಗಲೇ. ಕೆತ್ತಿ ತೆಗೆಸಿದ ದೇವತೆಗಳ ಪಟ್ಟಿ ಎಂದರೆ ಆಗ ಬದುಕಿದ್ದ ದೇವತೆಗಳ ಪಟ್ಟಿ.

ನನಗೆ ಮುಜುಗರವಾದದ್ದು ಇಲ್ಲೇ. ಕಣ್ಣು ತೆರೆಸುವ ಶಾಸ್ತ್ರ ಆಗುವವರೆಗೆ ನಾವು ಅದೇ ಕಲ್ಲಿನ ಮೇಲೆ ಕೂತು ಕೆಲಸ ಮಾಡುತ್ತೇವೆ; ಆಮೇಲೆ ಮುಟ್ಟುವಂತಿಲ್ಲ. ಜೀವ ಬರುವುದು ಮಂತ್ರದಿಂದ, ಪ್ರತಿಷ್ಠೆಯಿಂದ ಎಂದು ಆಗಮದಿಂದ ಕಲಿತವನು ನಾನು. ಜನರ ತಲೆ ಎಣಿಸಿ ಅಲ್ಲ. ಆದರೆ ಅದೇ ಆಗಮ ಪೂಜೆ ನಿಂತರೆ ಕಳೆ ಕುಂದುತ್ತದೆ, ಮತ್ತೆ ಪ್ರತಿಷ್ಠೆ ಮಾಡಬೇಕು ಎನ್ನುತ್ತದೆ. ಸಾರುವೆ ಕೆಳಗೆ ನಿಂತ ಆ ಕ್ರೈಸ್ತನೂ ನಮ್ಮ ಆಗಮಿಕರೂ ಈ ಒಂದು ಮಾತಿನಲ್ಲಿ ಒಂದೇ. ಇವರು ಪೂಜೆ ನಿಲ್ಲಬಾರದು ಎನ್ನುತ್ತಾರೆ, ಅವನು ನಿಲ್ಲಿಸಲು ಬಂದಿದ್ದ.

ಅಫ್ರೋಡಿಸಿಯಾಸ್‌ನಲ್ಲಿ ಸುಮಾರು 500ರ ವೇಳೆಗೆ ಅಫ್ರೊಡೈಟಿಯ ಗುಡಿಯೇ ಇಗರ್ಜಿಯಾಯಿತು. ಕಂಬಗಳನ್ನು ಒಡೆಯಲಿಲ್ಲ, ತುದಿಯ ಸಾಲುಗಳನ್ನು ಕಳಚಿ ಪಕ್ಕದ ಸಾಲಿಗೆ ಸೇರಿಸಿ ಉದ್ದ ಮಾಡಿದರು. ಸೊಗಸಾದ ಕೆಲಸ, ಒಪ್ಪಲೇಬೇಕು.

ಮಗಳು ಎಲ್ಲವನ್ನೂ ಮತಾಂಧತೆ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ದೇವರು ಭಕ್ತರನ್ನೇ ನಂಬಿಕೊಂಡಿದ್ದಾನೆ ಎನ್ನಲು ನನಗೂ ಬಾಯಿ ಬರುವುದಿಲ್ಲ. ಆದರೂ ಜೀರ್ಣೋದ್ಧಾರಕ್ಕೆ ಮೂರ್ತಿ ಬೇಕೆಂದು ಬಂದವರಿಂದ ಮುಂಗಡ ತೆಗೆದುಕೊಳ್ಳುವ ಮೊದಲು, ನಿತ್ಯಪೂಜೆಗೆ ಊರಲ್ಲಿ ಜನ ಇದ್ದಾರಾ ಎಂದು ಕೇಳುತ್ತೇನೆ. ಅಪ್ಪನೂ ಕೇಳುತ್ತಿದ್ದರು.